ಯಾರನ್ನೂ ಮುಟ್ಟದ ಆಟ

“ಎಡಕ್ಕ ತಗೋರಿ, ಎಡಕ್ಕ! ನಿನ್ನ ಎಡಕ್ಕ ಅಲ್ಲಲೇ ಸೋಮ್ಯಾ, ಅಕಿ ಎಡಕ್ಕ!”

ದುರ್ಗಪ್ಪ ಲಾರಿಯ ಮೇಲೆ ನಿಂತು ಕೈಬೀಸಿ ಕೂಗುತ್ತಿದ್ದ. ಕೆಳಗೆ ಗಿರಣಿಯ ಹುತುತು, ಅಂದರೆ ಕಬಡ್ಡಿ, ತಂಡದವರು ಬಿದಿರಿನ ವಿಮಾನವನ್ನು ಹೆಗಲೆತ್ತರಕ್ಕೆ ಎತ್ತಿ ಹಿಡಿದು ಏದುಸಿರು ಬಿಡುತ್ತಿದ್ದರು. ವಿಮಾನದೊಳಗೆ ಮಹಾದೇವಕ್ಕ ಚಕ್ಕಳಮಕ್ಕಳ ಹಾಕಿ, ಹಣೆತುಂಬ ವಿಭೂತಿ ಧರಿಸಿ, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಸಿಕೊಂಡು ನೆಟ್ಟಗೆ ಕೂತಿದ್ದಳು. ವಿಮಾನದ ಒಂದು ಕಾಲು ಲಾರಿಯ ಸರಪಳಿಗೆ ಸಿಕ್ಕಿಕೊಂಡು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತುಬಿಟ್ಟಿತ್ತು.

“ಮೂರು ಮಂದೀನ ಒಮ್ಮೆಲೆ ಎಳಕೊಂಡು ಗೆರಿ ದಾಟಿದ ಗಂಡಸಿಗೆ ಒಂದು ಮುದುಕೀನ ಲಾರಿ ಹತ್ತಸಾಕ ಬರವಲ್ದು ನೋಡ್ರಿ,” ಎಂದ ಸೋಮಪ್ಪ, ಕೆಳಗಿನಿಂದ.

ದುರ್ಗಪ್ಪನ ಮುಖ ಅರಳಿತು. “ಮೂರು ಮಂದಿ ಅಂತ ನಿನ್ನ ಬಾಯಿಂದನ ಬಂತು! ಸೆಕ್ರೆಟರಿ ಸಾಹೇಬ್ರ, ಕೇಳಿದ್ರಿಲ್ಲೋ? ಒಪ್ಪಿಕೊಂಡಾ!”

“ಮೂರು ಮಂದಿ ಅಂದೆ. ಆದರ ಅದು ಈ ವರ್ಷದ ಆಟ ಅಂತ ಎಲ್ಲಿ ಅಂದೆ? ಕಲಘಟಗಿಯವರ ಪೈಲವಾನನ ಕಾಲು ಹಿಡದು ನಾನು ಕೆಡವಿದ್ದು ಏನ ಸುಮ್ಮನ ಆತೇನು?”

ಸೆಕ್ರೆಟರಿ ಚನಬಸಪ್ಪ ಕಣ್ಣು ಮುಚ್ಚಿ ತೆರೆದ. ಸತ್ತವಳು ಅವನ ಅತ್ತೆ. ಬರೀ ಹೆಂಡತಿಯ ತಾಯಿಯಲ್ಲ, ಅವನ ಸ್ವಂತ ಅಪ್ಪನ ತಂಗಿ ಕೂಡ. ಬೆಳಗಿನ ಜಾವ ಚಹಾ ಕೇಳಿ, ಚಹಾ ಬರುವಷ್ಟರಲ್ಲಿ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಸೂರ್ಯ ಮೇಲೆ ಬರುವುದರೊಳಗೆ ತಂಡದವರೆಲ್ಲ ಬಂದು, ಗಿರಣಿಯ ಬಿದಿರು ಯಾರ್ಡಿನಿಂದ ಗಳ ತಂದು, ಸೀಳಿ ಕಟ್ಟಿ, ಹೆಣ ಕೂರಿಸುವ ವಿಮಾನ ಮಾಡಿದ್ದರು. ಅದಕ್ಕೆ ಅವನು ಅವರ ಕೈಮುಗಿಯಬೇಕು. ಆದರೆ ಕೈಮುಗಿಯುವ ಮನಸ್ಸಾಗುವಷ್ಟರಲ್ಲಿ ಅವರು ಬಾಯಿ ತೆಗೆಯುತ್ತಿದ್ದರು.

“ಒಬ್ಬರರೆ ಆ ಸರಪಳಿ ಬಿಚ್ಚತೀರೇನು?” ಎಂದ ಹಲ್ಲು ಕಚ್ಚಿ.

ಸರಪಳಿ ಬಿಚ್ಚಿದವನು ಯಲ್ಲಪ್ಪ. ಬಿದಿರು ಚೂರು ಮಾಡುವ ಯಂತ್ರದ ಹತ್ತಿರ ಕೆಲಸ ಮಾಡುವ ತೆಳ್ಳನೆಯ ಆಳು. ಮಾತಿಲ್ಲದೆ ಕೆಳಗೆ ನುಸುಳಿ ಕೊಂಡಿ ತಪ್ಪಿಸಿದ. ವಿಮಾನ ಸರ್ರನೆ ಮೇಲೇರಿತು. ಮಹಾದೇವಕ್ಕನ ತಲೆ ಒಂದು ಸಲ ಅಲುಗಾಡಿ, ಇಲ್ಲವೆನ್ನುವಂತೆ ಅತ್ತಿತ್ತ ಆಡಿ ನಿಂತಿತು.

ಕಾಗದದ ಗಿರಣಿ ಸುರುವಾದ ಹೊಸತರಲ್ಲೇ ಚನಬಸಪ್ಪ ಮುಂಡಗೋಡದ ಹತ್ತಿರದ ಇಂದೂರಿನಿಂದ ದಾಂಡೇಲಿಗೆ ಬಂದು ಬಿದಿರು ಯಾರ್ಡಿನಲ್ಲಿ ಗುಮಾಸ್ತನಾಗಿದ್ದ. ಓದು ಬರಹ ಬಲ್ಲವನೆಂದು ಹುತುತು ತಂಡಕ್ಕೆ ಅವನನ್ನೇ ಸೆಕ್ರೆಟರಿ ಮಾಡಿದ್ದರು. ಈ ವರ್ಷ ಹೊಸ ಪೀಡೆಯೊಂದು ಗಂಟುಬಿದ್ದಿತ್ತು. ರಾಮನಗರದ ಮರದ ವ್ಯಾಪಾರಿಯೊಬ್ಬ, ಆಟದ ಹುಚ್ಚಿನವನು, ಒಂದು ಕೈಗಡಿಯಾರ ಕೊಟ್ಟು, ವರ್ಷವಿಡೀ ತಂಡ ಆಡಿದ್ದರಲ್ಲಿ ಎಲ್ಲಕ್ಕಿಂತ ಚೆಂದದ ಒಂದೇ ಒಂದು ಆಟ ಯಾರದೋ ಅವನಿಗೆ ಇದು ಎಂದು ಹೇಳಿ ಹೋಗಿದ್ದ. ತಂಡದಲ್ಲಿ ಯಾರ ಕೈಯಲ್ಲೂ ಗಡಿಯಾರ ಇರಲಿಲ್ಲ. ಅಂದಿನಿಂದ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುತ್ತಿರಲಿಲ್ಲ. ಕೊನೆಗೆ ‘ಸೆಕ್ರೆಟರಿ ಹೇಳಿದ್ದೇ ಖರೆ’ ಎಂದು ಎಲ್ಲರೂ ಅವನ ತಲೆಗೆ ಕಟ್ಟಿದರು. ಇವತ್ತು ಸಂಜೆಯೊಳಗೆ ಅವನು ಹೆಸರು ಹೇಳಬೇಕಿತ್ತು.

ಇವತ್ತೇ ಅವಳು ಸತ್ತಿದ್ದಳು. ಸತ್ತವಳು ದಾಂಡೇಲಿಯ ರುದ್ರಭೂಮಿಯಲ್ಲಿ ಸುಮ್ಮನೆ ಮಣ್ಣಾಗುವುದಕ್ಕೂ ಒಪ್ಪಿರಲಿಲ್ಲ. ಜ್ವರದಲ್ಲಿ ಮಗಳ ಕೈಹಿಡಿದು ಪಾಳಾ, ಪಾಳಾ ಎಂದಿದ್ದಳಂತೆ. ಗಂಡನನ್ನು ಹೂಳಿದ ಗದ್ದಿಗೆ ಇರುವುದು ಪಾಳಾದ ಹೊಲದಲ್ಲಿ. ಆ ಹೊಲ ಅವಳ ಭಾವನ ವಶದಲ್ಲಿ. ಹಳಿಯಾಳ, ಕಲಘಟಗಿ, ತಡಸ, ಮುಂಡಗೋಡ ದಾಟಿ, ಬೇಡವೆಂದವರ ಊರಿಗೆ ಹೆಣ ಒಯ್ಯಬೇಕು.

“ಸಾಯೂದಾದರೂ ಸರಳ ಸಾಯಬಾರದಾ?” ಎಂದು ಚನಬಸಪ್ಪ ಗೊಣಗಿದ.

ಹೆಂಡತಿ ಗಂಗವ್ವ ವಿಮಾನದ ಪಕ್ಕ ಕೂತು ತಾಯಿಯ ಸೆರಗು ಸರಿಮಾಡುತ್ತಿದ್ದಳು. ಅತ್ತು ಅತ್ತು ಅವಳ ದನಿ ಕಟ್ಟಿತ್ತು. “ಕೇಳಸ್ತೈತಿ ಅಕಿಗೆ,” ಎಂದಳು.

“ಕೇಳಲಿ. ಜೀವ ಇದ್ದಾಗ ಒಂದು ದಿವಸರೆ ಕೇಳಿದ್ಲೇನು ನನ್ನ ಮಾತು?”

* * *

ಕ್ವಾರ್ಟರ್ಸಿನ ಎದುರಿಗೇ ಆಟದ ಬಯಲು. ಮೊದಮೊದಲು ಮಹಾದೇವಕ್ಕ ಊಟಕ್ಕೆ ತಡವಾಯಿತೆಂದು ಅಳಿಯನನ್ನು ಕರೆಯಲು ಬರುತ್ತಿದ್ದಳು. ಕರೆದು ನಿಲ್ಲುವಳು. ನಿಂತವಳು ಒಂದು ದಿನ ಗೋಣಿತಟ್ಟು ತಂದು ಹಾಸಿಕೊಂಡು ಕೂತಳು. ಅಲ್ಲಿಂದ ಮುಂದೆ ದಾಂಡೇಲಿಯಲ್ಲಿ ಅವಳಿಲ್ಲದೆ ಆಟವೇ ಇಲ್ಲ. ಗಂಡಸರ ಗದ್ದಲದ ನಡುವೆ ಒಬ್ಬಳೇ ಹೆಂಗಸು, ತಲೆಮೇಲೆ ಸೆರಗು, ಬಾಯಲ್ಲಿ ಎಲೆಯಡಿಕೆ. ತೀರ್ಪು ಕೊಡುವ ಪಂಚ ತಪ್ಪು ಹೇಳಿದರೆ “ಕಣ್ಣಾಗ ಸುಣ್ಣ ಬಿದ್ದೈತೇನು ನಿನಗ?” ಎನ್ನುವಳು. ಚನಬಸಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಈ ವರ್ಷ ಸಂಕ್ರಾಂತಿ ಮುಗಿದ ವಾರ ಹಳಿಯಾಳದವರ ಮೇಲೆ ಶೀಲ್ಡಿನ ಕೊನೆಯ ಪಂದ್ಯ. ಆಟ ಮುಗಿಯಲು ಇನ್ನು ಚೂರೇ ಹೊತ್ತು. ದಾಂಡೇಲಿಯವರು ಒಂದೇ ಒಂದು ಅಂಕ ಮುಂದಿದ್ದರು. ಆದರೆ ದುರ್ಗಪ್ಪನೂ ಸೋಮಪ್ಪನೂ ಸೇರಿ ಎಲ್ಲರೂ ಔಟಾಗಿ ಗೆರೆಯ ಹೊರಗೆ ಕೂತಿದ್ದರು. ಅಂಗಳದಲ್ಲಿ ಉಳಿದವನು ಯಲ್ಲಪ್ಪ ಒಬ್ಬನೇ. ದಮ್ಮು ಹಿಡಿದು ಹೋಗುವ ಸರದಿ ಅವನದು. ಅವನು ಸಿಕ್ಕಿಬಿದ್ದರೆ ಪಂದ್ಯವೂ ಹೋಯಿತು, ಶೀಲ್ಡೂ ಹೋಯಿತು.

“ಹುತುತುತುತು...” ಯಲ್ಲಪ್ಪ ಹೋದ. ಒಳಗೆರೆ ದಾಟಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸರಿಯತೊಡಗಿದ. ಆಗ ಹಳಿಯಾಳದ ಪುಂಡಲೀಕ ಕಾಲು ಜಾರಿ ಮಂಡಿಯೂರಿ ಬಿದ್ದ. ಅವನ ಕಾಲು ಯಲ್ಲಪ್ಪನ ಪಾದದಿಂದ ಗೇಣು ದೂರದಲ್ಲಿ ಚಾಚಿಕೊಂಡಿತ್ತು. ಬಯಲಿಗೆ ಬಯಲೇ ಎದ್ದು ನಿಂತಿತು.

“ಮುಟ್ಟಲೇ! ಮುಟ್ಟಲೇ ಮಗನ!”

ದುರ್ಗಪ್ಪ ಹೊರಗೆ ಕೂತು ನೆಲ ಗುದ್ದುತ್ತಿದ್ದ. ಯಲ್ಲಪ್ಪ ಆ ಕಾಲಿನ ಕಡೆ ನೋಡಲೂ ಇಲ್ಲ. ಉಸಿರು ಏರಿಸಲಿಲ್ಲ, ಇಳಿಸಲಿಲ್ಲ. ಅದೇ ಸಣ್ಣ ದನಿಯಲ್ಲಿ ಹುತುತುತು ಎನ್ನುತ್ತ ಇನ್ನೊಂದು ಮೂಲೆಯವರೆಗೂ ಹೋಗಿ, ಹಿಮ್ಮೆಟ್ಟಿ, ಗೆರೆ ದಾಟಿ ಈಚೆ ಬಂದ. ಸೀಟಿ ಊದಿತು. ಗೆದ್ದಿದ್ದರು. ಆದರೆ ಯಾರೂ ಅವನನ್ನು ಎತ್ತಿ ಕುಣಿಯಲಿಲ್ಲ.

“ಗೆದ್ದರೇನು, ಮರ್ಯಾದಿ ಹೋತು,” ಎಂದು ದುರ್ಗಪ್ಪ ಉಗುಳಿದ. “ಬಾಯಿಗೆ ಬಂದ ತುತ್ತು ಬಿಟ್ಟು ಬಂದಾನ ಹೇಡಿ.” “ಹೇಡಿ ಖರೆ,” ಎಂದ ಚನಬಸಪ್ಪನೂ.

ಅಂದು ರೊಟ್ಟಿ ಬಡಿಸುತ್ತ ಮಹಾದೇವಕ್ಕ ತಾನಾಗಿ ಮಾತು ತೆಗೆದಳು. “ಈ ವರ್ಷದ ಆಟ ಅಂದರ ಅದು, ಚನ್ನಾ.”

“ಯಾವುದು?”

“ಯಲ್ಲಪ್ಪಂದು.”

ಚನಬಸಪ್ಪ ತುತ್ತು ಕೆಳಗಿಟ್ಟ. “ಅಂವ ಏನ ಮಾಡಿದಾ ಅತ್ತೀ? ಯಾರನ್ನ ಮುಟ್ಟಿದಾ?”

“ಯಾರನ್ನೂ ಮುಟ್ಟಲಿಲ್ಲ. ಅದನ್ನ ಹೇಳಾಕತ್ತೇನಿ.”

“ಮುಟ್ಟದಿದ್ದರ ಅದು ಆಟ ಹೆಂಗ ಆಕ್ಕೈತಿ? ಬರಿಗೈಲೆ ಹೋದ, ಬರಿಗೈಲೆ ಬಂದ.”

“ಬಂದನಲ್ಲ!”

“ಬಂದನಲ್ಲ ಅಂದರ? ದುರ್ಗಪ್ಪ ಮೂರು ಮಂದೀನ ಎಳಕೊಂಡು ಬಂದ, ಅದು ಏನೂ ಅಲ್ಲ, ಇದು ದೊಡ್ಡದು?”

“ದುರ್ಗ್ಯಾ ಎತ್ತಿನಂಗ ಅದಾನ. ಎತ್ತು ಎಳೀಲಾರದ ಏನ ಮಾಡೀತು?” ಎಂದು ಅವಳು ಅವನ ತಾಟಿಗೆ ಇನ್ನೊಂದು ರೊಟ್ಟಿ ಎಸೆದಳು. “ನಿನಗ ತಿಳಿಯೂದಿಲ್ಲ. ತಿನ್ನು.”

ತಿಳಿಯುವುದಿಲ್ಲ ಎಂದಮೇಲೆ ತಿಳಿಸಿ ಹೇಳಬೇಕೋ ಬೇಡವೋ? ಅದು ಅವಳ ಜಾಯಮಾನದಲ್ಲೇ ಇರಲಿಲ್ಲ. ಆದರೆ ಬಿಡುವುದೂ ಇಲ್ಲ. ಕೆಲಸಕ್ಕೆ ಹೊರಟಾಗ, ಸ್ನಾನಕ್ಕೆ ಕೂತಾಗ, ಸಂತೆಯ ಚೀಲ ಇಳಿಸುವ ಮೊದಲೇ, “ಗಡಿಯಾರ ಯಲ್ಲಪ್ಪಗ ಕೊಟ್ಟೀ ಏನು?” ಎನ್ನುವಳು. ನಿನ್ನೆ ಜ್ವರದಲ್ಲಿ ಕಣ್ಣುಬಿಟ್ಟಾಗಲೂ ಅದನ್ನೇ ಕೇಳಿದ್ದಳು. ಚನಬಸಪ್ಪನಿಗೆ ರೇಗಿಹೋಗಿತ್ತು. “ದುರ್ಗಪ್ಪಗ ಕೊಡಾವ ನಾನು. ಸುಮ್ಮನ ಮಲಕೋ,” ಎಂದಿದ್ದ. ಅವಳ ಜೊತೆ ಅವನು ಆಡಿದ ಕಡೆಯ ಮಾತು ಅದೇ ಆಯಿತು.

* * *

ಹಳಿಯಾಳದಲ್ಲಿ ಡ್ರೈವರ್ ದ್ಯಾಮಪ್ಪ ಇಂಜಿನ್ನಿಗೆ ನೀರು ಹಾಕಬೇಕೆಂದು ಲಾರಿ ನಿಲ್ಲಿಸಿದ. ದಾರಿಯುದ್ದಕ್ಕೂ ಹಿಂದೆ ದುರ್ಗಪ್ಪ ಮತ್ತು ಸೋಮಪ್ಪನ ವಾದ ನಿಂತಿರಲಿಲ್ಲ. ನಡುವೆ ಭಜನೆ ಹೇಳುವರು. ಭಜನೆ ಮುಗಿದ ಕೂಡಲೇ ಬಿಟ್ಟಲ್ಲಿಂದ ಹಿಡಿಯುವರು. ಮಣ್ಣಿನ ಮಂತ್ರ ಹೇಳಲು ಜೊತೆಗೆ ಬಂದಿದ್ದ ಅಯ್ಯನವರಿಗೂ ಆಟದ ಚಟ ಇತ್ತೆಂದು ತಿಳಿದದ್ದು ಅಂದೇ. ಮಂತ್ರದ ನಡುವೆ ಅವರು, “ಸೋಮಪ್ಪನ ಹಿಡಿತ ಶಾಸ್ತ್ರೋಕ್ತ ಇತ್ತು ಬಿಡ್ರಿ,” ಎಂದುಬಿಟ್ಟರು. ಚನಬಸಪ್ಪ ಲಾರಿಯಿಂದ ಇಳಿದು ದೂರ ಹೋಗಿ ನಿಂತ.

ಸುದ್ದಿ ಆಗಲೇ ಹಬ್ಬಿತ್ತು. ಸಂತೆಪೇಟೆಯ ಕಡೆಯಿಂದ ಪುಂಡಲೀಕ ಒಂದು ಹೂವಿನ ಹಾರ ಹಿಡಿದು ಓಡಿಬಂದ. ಮರಾಠರ ಹುಡುಗ, ಹಳಿಯಾಳ ತಂಡದ ಮೂಲೆ ಕಾಯುವವನು. ಲಾರಿ ಹತ್ತಿ, ಹಾರ ಹಾಕಿ, ಮಹಾದೇವಕ್ಕನ ಪಾದ ಮುಟ್ಟಿದ.

“ಆಜಿ ಅವತ್ತ ನನಗ ಎಲ್ಲಾರ ಮುಂದ ಬೈದಿದ್ಲರಿ,” ಎಂದ, ಕಣ್ಣೊರೆಸಿಕೊಂಡು ನಗುತ್ತ. “ಬಿದ್ದ ನಾಟಕ ಸಾಕು, ಏಳು, ಧೋತ್ರ ಮಣ್ಣಾತು ಅಂತ.”

“ನಾಟಕ ಅಂದರ?” ದುರ್ಗಪ್ಪ ಹುಬ್ಬು ಗಂಟಿಕ್ಕಿದ.

“ಮತ್ತೇನ್ರಿ? ನಾ ಎಲ್ಲಿ ಜಾರಿದ್ದೆ? ಬೇಕಂತ ಬಿದ್ದೆ. ಯಲ್ಲಪ್ಪ ನನ್ನ ಕಾಲು ಮುಟ್ಟಿದ್ದರ ಬಾಜೂದ ಇಬ್ಬರು ಅವನ ಮ್ಯಾಲ ಬೀಳಾಕ ತಯಾರ ನಿಂತಿದ್ರು. ಅಂವ ನೋಡಲೇ ಇಲ್ಲ. ಶೀಲ್ಡ್ ನಿಮ್ಮ ಕಡೆ ಬಂತು.”

ಲಾರಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಲ್ಲಪ್ಪ ಮೂಲೆಯಲ್ಲಿ ಕೂತು, ಅಂಗೈಗೆ ಚುಚ್ಚಿದ ಬಿದಿರಿನ ಸಿಬಿರನ್ನು ಕಿತ್ತು ತೆಗೆಯುತ್ತಿದ್ದ.

“ಅದು ಲೆಕ್ಕಾಚಾರ,” ಎಂದ ದುರ್ಗಪ್ಪ ಕಡೆಗೆ. “ಆಟ ಅಲ್ಲ. ಹುತುತು ಅಂದರ ಹೋಗಬೇಕು, ಮುಟ್ಟಬೇಕು. ಹೌದಲ್ರಿ ಅಯ್ಯನವರ?”

ಅಯ್ಯನವರು ಬಾಯಿ ತೆರೆಯುವ ಮೊದಲೇ ಚನಬಸಪ್ಪ ಲಾರಿಯ ಬದಿ ಬಡಿದ. “ದ್ಯಾಮಪ್ಪಾ, ನೀರು ಆತೇನು? ಹೋಗೂಣು! ಹೊತ್ತು ಮುಳುಗೂದರಾಗ ಮಣ್ಣು ಮಾಡಬೇಕಾಗೈತಿ.”

* * *

ಮದುವೆಯಾದ ವರ್ಷ, ಸುಗ್ಗಿಯಲ್ಲಿ, ಅಪ್ಪ ಚನಬಸಪ್ಪನನ್ನು ಅತ್ತೆಯ ಜೊತೆ ಪಾಳಾಕ್ಕೆ ಕಳಿಸಿದ್ದರು. “ಈಗ ನೀನು ಬರೇ ಅಣ್ಣನ ಮಗ ಅಲ್ಲ, ಅಳಿಯ. ಅಕಿ ಹಿಂದ ನಿಂತು ನಾಲ್ಕು ಮಾತಾಡು,” ಎಂದಿದ್ದರು.

ಮಹಾದೇವಕ್ಕನ ಗಂಡ ಜ್ವರದಲ್ಲಿ ಸತ್ತಾಗ ಗಂಗವ್ವನಿಗೆ ಇನ್ನೂ ಹಾಲುಹಲ್ಲು. ಪಾಲಾಗದ ಹೊಲ, ಹಿರಿಯ ಭಾವ ಕರಿಬಸಪ್ಪ ಉಳುತ್ತಿದ್ದ, ಅವನೇ ಇಟ್ಟುಕೊಂಡ. ಮನೆಯಲ್ಲಿ ದಿನಾ ಕಿರಿಕಿರಿಯಾಗಿ ಅವಳು ಮಗಳನ್ನು ಕಟ್ಟಿಕೊಂಡು ತವರಿಗೆ, ಇಂದೂರಿಗೆ, ಬಂದಳು. ಅಂದಿನಿಂದ ಪ್ರತಿ ಸುಗ್ಗಿಗೆ ತಪ್ಪದೆ ಪಾಳಾಕ್ಕೆ ಹೋಗುತ್ತಿದ್ದಳು. ಬರಿಗೈಯಲ್ಲಿ ಬರುತ್ತಿದ್ದಳು.

ಆ ದಿನ ಚನಬಸಪ್ಪ ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದ. ಕಣದಲ್ಲಿ ಭತ್ತ ರಾಶಿ ಬಿದ್ದಿತ್ತು. ಕರಿಬಸಪ್ಪ ಮೊರ ಹಿಡಿದು ತೂರುತ್ತಿದ್ದ. ಇವರನ್ನು ಕಂಡು ಮುಖ ಗಂಟುಮಾಡಿಕೊಂಡ. ಮಹಾದೇವಕ್ಕ ಮೊದಲು ಗಂಡನ ಗದ್ದಿಗೆಯ ಹತ್ತಿರ ಹೋಗಿ, ಬೆಳೆದ ಹುಲ್ಲು ಕಿತ್ತು, ಊದುಬತ್ತಿ ಹಚ್ಚಿದಳು. ಆಮೇಲೆ ಕಣದ ಅಂಚಿಗೆ ಬಂದು ನಿಂತಳು.

“ಆರಾಮ ಅದೀರೇನ್ರಿ?” ಎಂದಳು.

“ಅದೇನಿ,” ಎಂದ ಕರಿಬಸಪ್ಪ, ತೂರುವುದನ್ನು ನಿಲ್ಲಿಸದೆ. ಅವನ ಹೆಂಡತಿ ನೀರು ತಂದುಕೊಟ್ಟಳು. ಮಹಾದೇವಕ್ಕ ಕುಡಿದಳು. ಮಳೆ ಹೇಗಾಯಿತು, ಎತ್ತು ಯಾವುದು ತಂದಿರಿ ಎಂದು ಕೇಳಿದಳು. ಭತ್ತದ ಮಾತಿಲ್ಲ, ಹೊಲದ ಮಾತಿಲ್ಲ.

ಕರಿಬಸಪ್ಪನ ಮಗ ರಾಶಿಯ ಮೇಲಿಂದ ಬೇಕೆಂದೇ ಕೂಗಿದ. “ಏನ ಸಣ್ಣವ್ವಾ, ಪಾಲು ಒಯ್ಯಾಕ ಬಂದೀ ಏನು? ಗಾಡಿ ತಂದಿಲ್ಲಲ್ಲ?”

ಚನಬಸಪ್ಪನ ಕಿವಿ ಬಿಸಿಯಾದವು. ಬಾಯಿ ತೆರೆದ. ಮಹಾದೇವಕ್ಕ ಅವನ ಮೊಣಕೈ ಹಿಡಿದು ಒತ್ತಿದಳು. ಉಗುರು ಚರ್ಮಕ್ಕೆ ಇಳಿಯಿತು. “ಬರ್ತೇವ್ರಿ,” ಎಂದಳು ಭಾವನಿಗೆ, ಸೆರಗು ಎಳೆದುಕೊಂಡು ಹಿಂದಿರುಗಿದಳು.

ಊರು ದಾಟುವವರೆಗೆ ತಡೆದುಕೊಂಡು ಚನಬಸಪ್ಪ ಸಿಡಿದ. “ಏನತ್ತೀ ಇದು? ಇಷ್ಟು ದೂರ ನಡಕೊಂತ ಬಂದು, ನೀರು ಕುಡದು ಹೋಗೂದಾ? ಕೇಳಾಕ ಏನಾಗಿತ್ತು? ನ್ಯಾಯಾ ನಿಂದೈತಿ!”

“ಕೇಳಿದರ ಇಲ್ಲಂತಾರ.”

“ಅಂದರ ಅನ್ನಲಿ!”

“ಇಲ್ಲ ಅಂದಮ್ಯಾಲ ಮತ್ತ ಹೋಗಾಕ ಬರೂದಿಲ್ಲ, ಚನ್ನಾ.” ಅವಳು ನಿಂತು ಕಾಲಿಗೆ ಹೊಕ್ಕ ಮುಳ್ಳು ತೆಗೆದುಕೊಂಡಳು. “ಅವರು ಇನ್ನೂ ಇಲ್ಲ ಅಂದಿಲ್ಲ.”

ಅಂದಿಲ್ಲವಂತೆ! ಎಂಥ ಮೊಂಡು ಹೆಂಗಸು ಎಂದು ಚನಬಸಪ್ಪ ಮನೆಗೆ ಬಂದು ಅಪ್ಪನ ಮುಂದೆ ಹಾರಾಡಿದ. ಮತ್ತೆಂದೂ ಅವಳ ಜೊತೆ ಹೋಗಲಿಲ್ಲ. ಅವಳು ಮಾತ್ರ ಹೋಗುವುದು ಬಿಡಲಿಲ್ಲ. ದಾಂಡೇಲಿಗೆ ಬಂದಮೇಲೂ ಸುಗ್ಗಿ ಬಂತೆಂದರೆ ಬುತ್ತಿ ಕಟ್ಟಿಕೊಂಡು ಮೋಟಾರು ಹತ್ತುವಳು. ಮೈಯಲ್ಲಿ ಶಕ್ತಿ ಸಾಲದೆ ಈಚಿನ ಎರಡು ಸುಗ್ಗಿಯಷ್ಟೇ ತಪ್ಪಿದ್ದವು.

* * *

ಪಾಳಾದ ಹೊಲದ ಬದುವಿನ ಮೇಲೆ ಕರಿಬಸಪ್ಪ ಕೋಲು ಊರಿಕೊಂಡು ಅಡ್ಡ ನಿಂತಿದ್ದ. ಬೆನ್ನು ಬಾಗಿತ್ತು, ದನಿ ಬಾಗಿರಲಿಲ್ಲ.

“ಇಳಸಬ್ಯಾಡ್ರಿ! ವಿಮಾನಾ ಅಲ್ಲೇ ಇರಲಿ!”

ಭತ್ತ ಕೊಯ್ದ ಗದ್ದೆ ಬರೀ ಕೂಳೆಯಾಗಿ ಬಿದ್ದಿತ್ತು. ಆ ತುದಿಯಲ್ಲಿ, ಹುಣಸೆಮರದ ಕೆಳಗೆ, ಅವನ ತಮ್ಮನ ಗದ್ದಿಗೆ ಕಾಣುತ್ತಿತ್ತು. ಊರ ಹತ್ತಾರು ಜನ ಸೇರಿದ್ದರು. ಯಾರೂ ಮುಂದೆ ಬರಲಿಲ್ಲ.

“ಮಾವಾ, ಅಕಿ ಗಂಡನ ಬಾಜೂಕ ಇಡಬೇಕಂತ...” ಎಂದು ಚನಬಸಪ್ಪ ಸುರುಮಾಡಿದ.

“ಗೊತ್ತೈತಿ ನನಗ. ಇವತ್ತ ಗದ್ದಿಗಿ, ನಾಳೆ ಅದಕ್ಕೊಂದು ಕಟ್ಟಿ, ನಾಡದು ಕಟ್ಟೀ ಸುತ್ತ ನಮ್ಮದು ಅಂತ ಸರ್ಕಾರಕ್ಕ ಅರ್ಜಿ. ಹೊಸ ಕಾಯಿದೆ ಬಂದಾವ, ನನಗ ತಿಳಿಯೂದಿಲ್ಲ ಅಂತ ಮಾಡೀರೇನು?”

ಅವನ ಮಗ, ಈಗ ಮೀಸೆ ನರೆತವನು, ಹಿಂದಿನಿಂದ ನಕ್ಕ. “ಬದುಕಿದ್ದಾಗ ಹೊಲಾ ಕೇಳಾಕ ಬಾಯಿ ಬರಲಿಲ್ಲ. ಈಗ ಹೆಣಾ ಮುಂದ ಮಾಡಿಕೊಂಡು ಬಂದಾರ. ಎಂಥಾ ಗಂಡಸರಪಾ!”

ದುರ್ಗಪ್ಪ ಅಂಗಿಯ ತೋಳು ಏರಿಸಿದ. ಸೋಮಪ್ಪ ಲಾರಿಯಿಂದ ಗುದ್ದಲಿ ತೆಗೆದುಕೊಂಡು ಧುಮುಕಿದ. ಇಡೀ ದಿನದಲ್ಲಿ ಮೊದಲ ಸಲ ಇಬ್ಬರೂ ಒಂದಾಗಿದ್ದರು. “ಹೇಳ್ರಿ ಸೆಕ್ರೆಟರಿ, ಒಂದು ಮಾತು ಹೇಳ್ರಿ ಸಾಕು,” ಎಂದ ದುರ್ಗಪ್ಪ.

ಚನಬಸಪ್ಪನ ಬಾಯೊಳಗೆ ಆ ಒಂದು ಮಾತಲ್ಲ, ಇಪ್ಪತ್ತು ವರ್ಷ ಕೂಡಿಟ್ಟ ಮಾತುಗಳಿದ್ದವು. ತಮ್ಮನ ಹೆಂಡತಿಯ ಅನ್ನ ತಿಂದವರು ನೀವು ಎಂಬುದರಿಂದ ಹಿಡಿದು, ನಿಮ್ಮ ರಾಶಿಗೆ ಬೆಂಕಿ ಬೀಳಲಿ ಎಂಬುದರವರೆಗೆ. ಮಗ ಇನ್ನೊಂದು ಹೆಜ್ಜೆ ಮುಂದೆ ಬಂದು ಎದೆ ಉಬ್ಬಿಸಿ ನಿಂತ. ಹೊಡೆದರೆ ಹೊಡಿ ಎನ್ನುವಂತಿತ್ತು ಆ ನಿಲುವು. ಅವನ ಹಿಂದೆ ನಾಲ್ಕಾರು ಜನ ಕೋಲು ಹಿಡಿದಿದ್ದು ಚನಬಸಪ್ಪನಿಗೆ ಆಗ ಕಂಡಿತು. ಇಲ್ಲಿ ಒಂದು ಕೈ ಎದ್ದರೆ ಲಾರಿ ಹೆಣದ ಸಮೇತ ಹಿಂದಿರುಗುತ್ತದೆ. ಅಲ್ಲಿಗೆ ಮುಗಿಯಿತು.

ಅವನು ದುರ್ಗಪ್ಪನ ಮೊಣಕೈ ಹಿಡಿದ. ತಾನೂ ಬಾಯಿ ಮುಚ್ಚಿದ. ಬಿಸಿಲಲ್ಲಿ ಹಾಗೇ ನಿಂತ.

ಹೊತ್ತು ಹೋಯಿತು. ವಿಮಾನದ ಹೂವಿಗೆ ನೊಣ ಮುತ್ತುತ್ತಿದ್ದವು. ಗಂಗವ್ವ ಸೆರಗಿನಿಂದ ಓಡಿಸುತ್ತಿದ್ದಳು.

“ಏನರೆ ಮಾತಾಡು!” ಎಂದು ಕರಿಬಸಪ್ಪನೇ ಕೂಗಿದ. “ಬಾಯಿ ಸತ್ತೈತೇನು ನಿಂದು?”

“ನಾ ಹೇಳೂದೇನಿಲ್ಲ ಮಾವಾ. ಅಕಿ ಹೇಳಿದ್ಲು, ತಂದೇವಿ.”

ಮುದುಕನಿಗೆ ಆ ಶಾಂತ ಉತ್ತರ ಕಾದ ಎಣ್ಣೆಗೆ ನೀರು ಬಿದ್ದಂತಾಯಿತು. “ಇದು! ಇದು ಅಕಿ ರೀತಿ! ಅಕೀದೇ ವಿದ್ಯಾ ಕಲತೀಯೇನು ನೀನೂ? ವರ್ಷಾ ವರ್ಷಾ ಬರಾಕಿ, ಕಣದಾಗ ನಿಂದ್ರಾಕಿ, ಆರಾಮ ಅದೀರೇನ್ರಿ ಅನ್ನಾಕಿ, ಹೋಗಾಕಿ! ಕೇಳಿದ್ದರ ಬೈದು ಕಳಸ್ತಿದ್ದೆ, ಮುಗದು ಹೋಗ್ತಿತ್ತು. ಒಂದು ಸೇರು ಭತ್ತರೆ ಕೇಳಿದ್ಲೇನು? ಒಂದು ದಿವಸರೆ ಜಗಳಾ ತಗದ್ಲೇನು? ಅಕಿ ಬಂದು ಹೋದಮ್ಯಾಲ ಎಂಟು ದಿನ ನನಗ ಉಂಡದ್ದು ಮೈಗೆ ಹತ್ತತಿರಲಿಲ್ಲ! ಎರಡು ಸುಗ್ಗಿ ಬರಲಿಲ್ಲ ಅಂದರ ಬರಲಿಲ್ಲ ಅಂತ ಬ್ಯಾರೆ ತ್ರಾಸು! ಎಂಥಾ ಹೆಂಗಸವಾ ಅಕಿ!”

ಕೆಮ್ಮು ಬಂದು ನಿಲ್ಲಿಸಿದ. ಉಸಿರು ತಿರುಗಿದ ಮೇಲೆ, ದನಿ ಇಳಿಸಿ, ಲಾರಿಯ ಕಡೆ ನೋಡದೆ ಕೇಳಿದ. “ಏನಂದ್ಲು? ಸಾಯೂ ಮುಂದ?”

ಗಂಗವ್ವ ಲಾರಿಯಿಂದ ಇಳಿದು ಬಂದಳು. “‘ನನ್ನ ಪಾಳಾಕ್ಕ ಒಯ್ಯಿರಿ, ಅವರ ಬಾಜೂಕ ಇಡ್ರಿ, ಭಾವನ್ನ ಕೇಳ್ರಿ’ ಅಂದ್ಲು, ದೊಡ್ಡಪ್ಪಾ.”

“ನನ್ನ ಕೇಳ್ರಿ ಅಂದ್ಲಾ?”

“ಹೂಂ.”

“ಅಕೀನ ಅಂದ್ಲಾ? ನೀ ಹುಟ್ಟಿಸಿ ಹೇಳಾಕತ್ತಿಲ್ಲಲ್ಲಾ?”

“ಅವ್ವನ ಮುಂದ ನಿಂತು ಸುಳ್ಳು ಹೇಳ್ತೀನೇನು?”

ಕರಿಬಸಪ್ಪ ಬದುವಿನ ಮೇಲೆ ಕುಕ್ಕರಿಸಿದ. ಕೋಲಿನಿಂದ ಒಂದು ಹೆಂಟೆಯನ್ನು ಕುಟ್ಟಿ ಕುಟ್ಟಿ ಪುಡಿಮಾಡಿದ.

“ಕೇಳಿದ್ಲಲ್ಲಪಾ ಕಡೀಕ,” ಎಂದ, ತನ್ನಷ್ಟಕ್ಕೇ. ಆಮೇಲೆ ತಲೆಯೆತ್ತಿ ಮಗನ ಮೇಲೆ ಹರಿಹಾಯ್ದ. “ಕಂಬದಂಗ ಯಾಕ ನಿಂತೀಯೋ? ಗುದ್ದಲಿ ತಾ! ಹೊತ್ತು ಇಳ್ಯಾಕತ್ತೈತಿ, ಕಾಣವಲ್ದೇನು?”

ತಂಡದವರೇ ತೋಡಿದರು. ಕರಿಬಸಪ್ಪ ಮೇಲೆ ಕೂತು ಒಂದಕ್ಕೂ ಸಮಾಧಾನವಿಲ್ಲದೆ ಬೈಯುತ್ತಿದ್ದ. ಕುಣಿ ಸಣ್ಣದಾಯಿತು, ಮೂಲೆ ಸೊಟ್ಟಾಯಿತು, ಗಿರಣಿಯವರಿಗೆ ಮಣ್ಣಿನ ಕೆಲಸ ಏನು ಗೊತ್ತು ಎಂದ. ಮಹಾದೇವಕ್ಕನನ್ನು ಇಳಿಸುವಾಗ ಯಲ್ಲಪ್ಪ ಕುಣಿಯೊಳಗೆ ನಿಂತು ಎರಡೂ ಕೈಯಲ್ಲಿ ಅವಳನ್ನು ತೆಗೆದುಕೊಂಡ. ಅಯ್ಯನವರು ಮಂತ್ರ ಹೇಳಿದರು. ಪತ್ರಿ, ವಿಭೂತಿ ಬಿದ್ದವು. ಗಂಗವ್ವನ ಮುಷ್ಟಿಯ ಮಣ್ಣು ಬಿತ್ತು. ಚನಬಸಪ್ಪ ತನ್ನ ಪಾಲಿನ ಮಣ್ಣು ಹಾಕಲು ಬಾಗಿದಾಗ ಕೈ ಯಾಕೋ ತೆರೆಯಲಿಲ್ಲ. ಹಿಂದೆ ನಿಂತವರು ಕಾದರು.

ಕೆರೆಯ ಏರಿಯ ಕೆಳಗೆ ಕೈಕಾಲು ತೊಳೆಯುತ್ತಿದ್ದಾಗ ದುರ್ಗಪ್ಪ ಗಂಟಲು ಸರಿಮಾಡಿಕೊಂಡ.

“ಈಗ ಕೇಳಬಾರದು ಖರೆ...”

“ಕೇಳಬಾರದು ಅಂತ ಗೊತ್ತಿದ್ದರ ಕೇಳಬ್ಯಾಡ.”

“ಹಂಗಲ್ಲರಿ, ಸಂಜಿ ಆತು. ನಾಳೆ ರಾಮನಗರದಾವ್ರು ಬರಾವ್ರು. ಹೆಸರು ಒಂದು ಹೇಳಿಬಿಟ್ಟರ ನಮಗೂ ಸಮಾಧಾನ, ನಿಮಗೂ...”

“ಯಲ್ಲಪ್ಪ,” ಎಂದ ಚನಬಸಪ್ಪ.

ದುರ್ಗಪ್ಪ, ಅವನು ಯಲ್ಲಪ್ಪನನ್ನು ಕರೆದನೆಂದುಕೊಂಡು ಯಲ್ಲಪ್ಪನ ಕಡೆ ನೋಡಿ, ಮತ್ತೆ ಚನಬಸಪ್ಪನ ಕಡೆ ತಿರುಗಿದ. ಅರ್ಥವಾಗಲು ಹೊತ್ತು ಹಿಡಿಯಿತು.

“ಇಂವಾ? ಏನೂ ಮಾಡಲಾರದ್ದಕ್ಕ ಗಡಿಯಾರಾ?” ಅವನ ದನಿ ಏರಿತು. “ಮುದುಕಿ ಸತ್ತಳಂತ ಅಕಿ ಮಾತು ನಡಸಾಕತ್ತೀರೇನ್ರಿ? ಇದು ಅನ್ಯಾಯ!”

“ನನಗ ಬ್ಯಾಡ್ರಿ,” ಎಂದ ಯಲ್ಲಪ್ಪ ನೀರಿನೊಳಗಿಂದ, ಕಿವಿಯವರೆಗೂ ಕೆಂಪಾಗಿ. “ಎಲ್ಲಾರೂ ನಗ್ತಾರ.”

“ನಗಲಿ. ನಿನಗ ಬ್ಯಾಡಾದರ ಕೆರಿಗೆ ಒಗಿ. ಹೆಸರು ನಾ ಬರದು ಕೊಡಾವ.” ಚನಬಸಪ್ಪ ಧೋತರ ಹಿಂಡಿದ. “ಕಣ್ಣಾರೆ ನೋಡೇನಿ ದುರ್ಗಪ್ಪಾ. ಅದಕ್ಕಿಂತ ಕಠಿಣ ಆಟ ಇಲ್ಲ.”

“ಅವತ್ತ ನೀವ ಹೇಡಿ ಅಂದ್ರಿ ಅವನಿಗೆ!”

“ಅಂದಿದ್ದೆ.”

ದುರ್ಗಪ್ಪ ಕೆರೆಗೆ ಒಂದು ಕಲ್ಲು ಬೀಸಿ ಒಗೆದು, ಸೋಮಪ್ಪನನ್ನು ಕರೆದುಕೊಂಡು ದಡದಡನೆ ಲಾರಿಯ ಕಡೆ ಹೊರಟ. ದಾಂಡೇಲಿಯವರೆಗೂ ಇನ್ನು ಇದೇ ಪುರಾಣ, ಚನಬಸಪ್ಪನಿಗೆ ಗೊತ್ತಿತ್ತು.

ದ್ಯಾಮಪ್ಪ ಲಾರಿ ತಿರುಗಿಸಿದ. ಗಂಗವ್ವ ಹಿಂದಿನ ಹಲಗೆ ಹಿಡಿದು ಹೊಲದ ಕಡೆಯೇ ನೋಡುತ್ತಿದ್ದಳು. ಚನಬಸಪ್ಪನೂ ನೋಡಿದ.

ಜನರೆಲ್ಲ ಮನೆಗೆ ಹೋಗಿದ್ದರು. ಕರಿಬಸಪ್ಪ ಮತ್ತು ಅವನ ಮಗ ಮಾತ್ರ ಹುಣಸೆಮರದ ಕೆಳಗೆ ಉಳಿದಿದ್ದರು. ದನ ತುಳಿಯಬಾರದೆಂದು ಹೊಸ ಮಣ್ಣಿನ ಸುತ್ತ ಮುಳ್ಳಿನ ಟೊಂಗೆ ಹಾಕುತ್ತಿದ್ದರು. ಮಗ ಒಂದು ಟೊಂಗೆಯನ್ನು ಎಳೆದುತಂದು ಗದ್ದಿಗೆಗೆ ಒತ್ತಿ ಇಟ್ಟ. ಮುದುಕ ಕೋಲಿನಿಂದ ಅದನ್ನು ಹೊರಗೆ ನೂಕಿದ. ಮಗ ಇನ್ನೂ ಸ್ವಲ್ಪ ಆಚೆ ಇಟ್ಟ. ಮುದುಕ ಅಲ್ಲಿಂದಲೂ ನೂಕಿ, ಏನೋ ಬೈದು, ತಾನೇ ಬಾಗಿ ಟೊಂಗೆಯ ಬುಡ ಹಿಡಿದು, ಕೂಳೆಗಳ ಮೇಲೆ ಎಡವುತ್ತ, ತಮ್ಮನ ಗದ್ದಿಗೆಯನ್ನೂ ಒಳಗೆ ಹಾಕಿ, ಹುಣಸೆಮರವನ್ನೂ ಬಳಸಿ, ಉಳುವ ನೆಲದೊಳಗೆ ಬಹುದೂರ ಎಳೆದುಕೊಂಡು ಹೋಗುತ್ತಿದ್ದ.